ಕೇಕಿನ ಹಸಿ ನಡುಭಾಗ

ಓವನ್ ಬಾಗಿಲು ತೆರೆಯುವ ಮಹಾಶಯನಿಗೆ,

ನೀನು ಇದನ್ನು ಓದುವುದಿಲ್ಲ, ಕಳಿಸಿದರೆ ತಾನೇ! ರಜೆ ಸಿಕ್ಕಿತೆಂದು ಮಗಳು ಇವತ್ತು ಕೇಕ್ ಮಾಡಲೇಬೇಕೆಂದು ಹಟ ಹಿಡಿದಳು. ಹನ್ನೊಂದು ವರ್ಷ, ಪ್ರತಿ ರಜೆಯಲ್ಲೂ "ಬೆಂದಿದೆಯಾ ನೋಡ್ತೀನಿ" ಅಂತ ನೀನು ಬಾಗಿಲು ತೆರೆದೆ, ಕೇಕ್ ಕುಸಿಯಿತು, ನಾನು ಕೂಗಾಡಿದೆ. ಕೊನೆಯ ಸಲ "ಮನೆ ಬಿಟ್ಟು ಹೋಗು" ಅಂದದ್ದೂ ನಾನೇ, ಸರಿ. ನೀನು ಹೊರಟೇಬಿಟ್ಟೆ. ನನ್ನ ಮಾತನ್ನು ಅಷ್ಟು ಚಾಚೂ ತಪ್ಪದೆ ಪಾಲಿಸುವವನು, "ಬಾಗಿಲು ತೆಗೀಬೇಡ" ಅಂದದ್ದನ್ನು ಒಂದು ಸಲವಾದರೂ ಯಾಕೆ ಕೇಳಲಿಲ್ಲ?

ಇವತ್ತು ಓವನ್ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಮುಕ್ಕಾಲು ಗಂಟೆ ಯಾರನ್ನೂ ಹತ್ತಿರ ಬಿಡಲಿಲ್ಲ. ತೆಗೆದು ನೋಡಿದರೆ ನಡುಭಾಗ ಎಂದಿನಂತೆಯೇ ಕುಸಿದು ಕೂತಿತ್ತು.

"ಅಪ್ಪ ಇಲ್ವಲ್ಲಮ್ಮ, ಇವತ್ತು ಯಾರನ್ನ ಬೈತೀಯ?" ಅಂದಳು ಮಗಳು. ಅವಳು ನಗುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಬೆಂದ ಅಂಚನ್ನು ನಾವಿಬ್ಬರೂ ತಿಂದೆವು. ಹಸಿ ನಡುಭಾಗ "ನಂದು, ಯಾರೂ ಮುಟ್ಟಬೇಡಿ" ಅಂತ ಚಮಚ ಹಿಡಿದು ಬರುತ್ತಿದ್ದವನು ನೀನು. ಅದು ಇನ್ನೂ ತಟ್ಟೆಯಲ್ಲೇ ಇದೆ. ಬಿಸಾಡಲೆಂದು ಎರಡು ಸಲ ಎದ್ದೆ.

ಹಾಳಾದವನೇ, ಇದನ್ನೀಗ ನಾನು ಏನು ಮಾಡಲಿ?