ಏಳನೇ ಗುಂಡಿಯ ‘ಮಾವನ ಮನೆ’

ಮಂಗಳವಾರ, ತಾರೀಕು ಹನ್ನೊಂದು.

ಮಾವನಿಗೆ ಎಲ್ಲವನ್ನೂ ಹೇಳಬಾರದಿತ್ತು.

ನಮ್ಮ ಗಾಲ್ಫ್ ಮೈದಾನದ ಏಳನೇ ಗುಂಡಿಯ ಮುಂದಿರುವ ಮರಳುಹಳ್ಳವನ್ನು ಮುಚ್ಚಬೇಕೇ ಎಂದು ಇವತ್ತು ಸಭೆ ಇತ್ತು. ನಲವತ್ತು ವರ್ಷದ ಹಿಂದೆ ಅದನ್ನು ತೋಡಿಸಿದವರು ಮಾವ. ಒಳಗೆ ಬಿದ್ದ ಚೆಂಡು ಸುಲಭಕ್ಕೆ ಹೊರಬರುವುದಿಲ್ಲವಾದ್ದರಿಂದ, ಜೈಲಿಗೆ ಹೇಳುವಂತೆ, ಆಟಗಾರರು ಅದನ್ನು ‘ಮಾವನ ಮನೆ’ ಎನ್ನುತ್ತಾರೆ. ಮೈದಾನದ ಉಸ್ತುವಾರಿ ನನ್ನದೇ. ಆದರೂ ತೋಡಿಸಿದವರ ಸೊಸೆ ಬಾಯಿಬಿಡುವ ಹಾಗಿರಲಿಲ್ಲ.

ಮುಚ್ಚಿಸಲು ಅರ್ಜಿ ಕೊಟ್ಟಿದ್ದ ಹಲ್ಲಿನ ಡಾಕ್ಟರೇ ಎದ್ದು ನಿಂತು ಅರ್ಜಿಯನ್ನು ಹಿಂದಕ್ಕೆ ಪಡೆದರು. ಬೆಳಿಗ್ಗೆ ಮೊದಲ ಬಾರಿಗೆ ಒಂದೇ ಏಟಿಗೆ ಚೆಂಡನ್ನು ಹಳ್ಳದಿಂದ ಆಚೆ ಹೊಡೆದಿದ್ದರಂತೆ.

“ಈಗ ಮುಚ್ಚಿಬಿಟ್ರೆ ನನ್ನ ಮಾತು ಯಾರ್ರೀ ನಂಬ್ತಾರೆ?”

ಎಲ್ಲರೂ ನಕ್ಕರು. ಹಳ್ಳ ಉಳಿಯಿತು. ಖುಷಿಪಡಲಿ ಎಂದು ಊಟದ ಹೊತ್ತಿಗೆ ಮಾವನಿಗೆ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದರು.

“ಒಂದೇ ಏಟಿಗಾ? ಅವನಾ? ಹಾಗಾದ್ರೆ ಅಂಚು ಸವೆದಿದೆ ಕಣಮ್ಮ. ನಾಳೆ ಅರ್ಧ ಅಡಿ ಎತ್ತರಿಸು.”

“ಪಾಪ ಮಾವ, ಅವರಿಂದಲೇ ಉಳಿದದ್ದು.”

“ಅದಕ್ಕೇ ಅರ್ಧ ಅಡಿ. ಇಲ್ದಿದ್ರೆ ಒಂದಡಿ ಅಂತಿದ್ದೆ.”

ಬೆಳಿಗ್ಗೆ ಟೇಪು ಹಿಡಿದು ಅಳೆಯಬೇಕು. ನಿಜಕ್ಕೂ ಸವೆದಿದ್ದರೆ ಆ ಡಾಕ್ಟರಿಗೆ ನಾನು ಏನೆಂದು ಹೇಳಲಿ?