ಒಂದೇ ಸಲ ಕೇಳಿ ಉಸಿರಿನ ಯಂತ್ರ ಒಯ್ದವರಿಗೆ

ವಿಮಾ ಕಚೇರಿಯ ಮಾನ್ಯ ಪರಿಶೀಲನಾಧಿಕಾರಿಗಳೇ,

ನನ್ನ ಗಂಡ ಲಾವರ್ನ್ ಮಲಗುವಾಗ ಮುಖಕ್ಕೆ ಹಾಕಿಕೊಳ್ಳುತ್ತಿದ್ದ ಉಸಿರಿನ ಯಂತ್ರವನ್ನು ಕಳೆದ ಮಂಗಳವಾರ ನಿಮ್ಮವರು ಹೊತ್ತೊಯ್ದರು. ಇಪ್ಪತ್ತೊಂದು ದಿನ ಅದನ್ನು ಬಳಸಲಿಲ್ಲವಂತೆ. ನಿಜವೇ. ಆ ಇಪ್ಪತ್ತೊಂದು ದಿನವೂ ಮೆದುಳಿನ ಸುತ್ತ ರಕ್ತಸ್ರಾವವಾಗಿ ಅವರು ದೊಡ್ಡಾಸ್ಪತ್ರೆಯಲ್ಲಿದ್ದರು. ಆ ಆಸ್ಪತ್ರೆ ಖರ್ಚಿಗೆ ಒಪ್ಪಿಗೆ ಕೊಟ್ಟದ್ದು ನಿಮ್ಮ ಕಚೇರಿಯೇ! ಒಂದು ಮೇಜಿನ ಸುದ್ದಿ ಪಕ್ಕದ ಮೇಜಿಗೆ ತಲುಪಲು ಎಷ್ಟು ವರ್ಷ ಬೇಕು ಸ್ವಾಮಿ?

ಲಾವರ್ನ್ ಚರ್ಚಿನಲ್ಲಿ ತೂಕಡಿಸಿದರೆ ಗೊರಕೆಗೆ ಯಾರೂ ಹೆದರುತ್ತಿರಲಿಲ್ಲ, ಗೊರಕೆ ನಿಂತರೆ ಹೆದರುತ್ತಿದ್ದರು. ಪಾದ್ರಿಗಳೂ ಪ್ರವಚನ ನಿಲ್ಲಿಸಿ, ಮುಂದಿನ ಗೊರಕೆ ಬಂದ ಮೇಲೆಯೇ ಮುಂದುವರಿಸುತ್ತಿದ್ದರು. ವೈದ್ಯರು ನನಗೆ ಬಿಡಿಸಿ ಹೇಳಿದ್ದಾರೆ: “ನೋಡಿಯಮ್ಮಾ, ನಿದ್ದೇಲಿ ಉಸಿರು ನಿಂತಾಗೆಲ್ಲ ರಕ್ತದೊತ್ತಡ ಜಿಗಿಯುತ್ತೆ. ನಾಳ ಒಡೆದಿದ್ದು ಅದರಿಂದಲೇ ಅಂತ ನಾನು ಆಣೆ ಇಡಲ್ಲ. ಆದ್ರೆ ಒಳಗೆ ಇನ್ನೊಂದು ನಾಳದಲ್ಲೂ ಸಣ್ಣ ಉಬ್ಬಿದೆ, ಅದೂ ಒಡೀಬಹುದು. ಯಂತ್ರ ಮಾತ್ರ ಬಿಡಿಸ್ಬೇಡಿ.”

ಲಾವರ್ನ್ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ನಿಮ್ಮ ಕಚೇರಿಯ ಹುಡುಗಿಯ ಫೋನು. ಎತ್ತಿದ್ದು ಅವರೇ.

“ಯಂತ್ರ ಇನ್ನೂ ಬೇಕಾ ಸಾರ್?”

“ಅಯ್ಯೋ, ನನ್ನಿಂದ ನಿಮಗ್ಯಾಕಮ್ಮ ತೊಂದರೆ. ಬೇರೆ ಯಾರಿಗಾದ್ರೂ ಕೊಡಿ.”

“ಸರಿ ಸಾರ್, ಬೇಡ ಅಂತ ಬರ್ಕೊಂಡೆ.”

ಮಾನ್ಯರೇ, ನೀವು ನಮ್ಮ ಈ ಮಿನ್ನೆಸೋಟ ರಾಜ್ಯದಲ್ಲಿ ಒಂದು ಊಟವನ್ನಾದರೂ ಮಾಡಿದ್ದೀರಾ? ಇಲ್ಲಿ ಒಂದು ತುಂಡು ಕೇಕನ್ನೂ ಮೂರು ಸಲ ಒತ್ತಾಯಿಸದೆ ಯಾರೂ ಮುಟ್ಟುವುದಿಲ್ಲ. ಮೊದಲ ‘ಬೇಡ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ನಿಜವಾದ ಉತ್ತರ ಬರುವುದು ಮೂರನೆಯ ಸಲ. ನೀವು ಮೊದಲನೆಯದನ್ನೇ ಕಡತಕ್ಕೆ ಸೇರಿಸಿ ಮೊಹರು ಒತ್ತಿಬಿಟ್ಟಿರಿ.

“ಉಸಿರನ್ನೂ ಬೇಡ ಅಂತೀರಲ್ರೀ!” ಎಂದು ನಾನು ಬೈದೆ.

“ಇನ್ನೊಂದ್ಸಲ ಕೇಳ್ತಾಳೆ ಅನ್ಕೊಂಡೆ ಕಣೇ. ಎಂಥಾ ಅವಸರದ ಹುಡುಗಿ ಅದು!” ಎಂದರು ನಮ್ಮ ಯಜಮಾನರು.

ನಾನೇನು ಕಡಿಮೆಯೇ? ಯಂತ್ರ ಒಯ್ಯಲು ಬಂದವನಿಗೆ ಬಾಗಿಲು ತೆರೆದು ಹಿಡಿದೆ, ಕೊಳವೆ ಸುತ್ತಿಕೊಟ್ಟೆ, ಕೇಕ್ ಬೇಕೇ ಎಂದೆ. ಅವನು ಮೊದಲ ಸಲಕ್ಕೇ ತೆಗೆದುಕೊಂಡ. ನಿಮ್ಮ ಕಡೆಯವನೆಂದು ಆಗಲೇ ಖಾತ್ರಿಯಾಯಿತು.

ಈಗ ಅವರು ಮಲಗುತ್ತಾರೆ, ನಾನು ಎಚ್ಚರವಿರುತ್ತೇನೆ. ಉಸಿರು ನಿಂತರೆ ಮೊಣಕೈಯಿಂದ ತಿವಿಯುತ್ತೇನೆ. ಈ ಮೊಣಕೈಗೆ ಎಪ್ಪತ್ತೊಂದು ವರ್ಷ. ಒಂದು ರಾತ್ರಿ ಅದೂ ನಿದ್ದೆಹೋದರೆ ಆ ಸಣ್ಣ ಉಬ್ಬಿಗೆ ಕಾವಲು ಯಾರು? ಶುಕ್ರವಾರದೊಳಗೆ ಯಂತ್ರ ನಮ್ಮ ಮನೆಯಲ್ಲಿರಬೇಕು. ಮತ್ತೆ ಫೋನ್ ಮಾಡುವುದಾದರೆ ಅವರನ್ನು ಕೇಳಬೇಡಿ, ನನ್ನನ್ನು ಕೇಳಿ. ಹುಟ್ಟಿದಾಗಿನಿಂದ ಕಲಿತ ಮರ್ಯಾದೆಯನ್ನೆಲ್ಲ ಬದಿಗಿಟ್ಟು, ಮೊದಲ ಸಲಕ್ಕೇ ‘ಬೇಕು’ ಅನ್ನುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಯಂತ್ರದ ಬದಲಿ ಕೆಲಸದಲ್ಲಿರುವ
ಆರ್ಲಿಸ್ ಟೋಲೆಫ್ಸನ್