ನಿಮ್ಮ ಹಾಸಿಗೆಯ ಕೆಳಗಿನ ಪೈಪು

ಹೆದ್ದಾರಿ ಪಕ್ಕದ ಅಂಗಳ, ನಮ್ಮ ಮನೆಯೇ ಆದ ಕ್ಯಾಂಪರ್ ಬಂಡಿಯೊಳಗಿಂದ
ಮಂಗಳವಾರ, ಬೆಳಗ್ಗೆ

ಮಾವನವರಿಗೆ ಸೊಸೆಯ ನಮಸ್ಕಾರ.

ಹೇಗಿದ್ದೀರಿ ಮಾವ? ಮಂಡಿ ನೋವು ಹೇಗಿದೆ, ನಾಲಿಗೆ ಒಣಗುತ್ತಿದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ? ಒಂದೇ ಉಸಿರಿಗೆ ಕೇಳುತ್ತಾಳೆಂದು ಬೇಸರಿಸಬೇಡಿ, ಕೆಟ್ಟ ಕನಸು ಬಿತ್ತು. ವೃದ್ಧರ ಆರೈಕೆ ಮನೆಯ ಕೋಣೆಯಲ್ಲಿ ನೀವು ಲೋಟವನ್ನು ಬೋರಲು ಹಾಕಿ, ಅದರ ಮೇಲೆ ಅಂಗೈ ಊರಿಕೊಂಡು ಕೂತಿದ್ದಿರಿ. ನಾನು ನೀರು ಹಿಡಿದು ನಿಂತರೆ "ಬೇಡಮ್ಮಾ, ಬೆಳಗ್ಗೆ ನಿನಗೇ ಕಷ್ಟ" ಎಂದಿರಿ. ಎದ್ದವಳೇ ಈ ಕಾಗದ ಹಿಡಿದು ಕೂತೆ. ಯಾಕೆಂದರೆ ಆ ಮಾತು ಕನಸಿನದಲ್ಲ, ಇಲ್ಲಿಂದ ಹೊರಡುವ ಮುಂಚೆ ನೀವು ನಿಜವಾಗಿ ಆಡಿದ್ದು. ನನ್ನ ಓದು ಐದನೇ ಕ್ಲಾಸಿನ ಅರ್ಧಕ್ಕೇ ನಿಂತದ್ದು ನಿಮಗೆ ಗೊತ್ತು. ಕಾಗದ ಅಡ್ಡಾದಿಡ್ಡಿ ಹೋದರೆ ಹೊಟ್ಟೆಗೆ ಹಾಕಿಕೊಂಡು ಕೊನೆಯವರೆಗೂ ಓದಿ.

ಸಮಾಚಾರ ನೀರಿನದೇ. ನೀವಿದ್ದಾಗಲೇ ನಲ್ಲಿ ಸಣ್ಣಗೆ ಬರುತ್ತಿತ್ತಲ್ಲ, ಈಗ ಪಾತ್ರೆ ತೊಳೆಯಲೂ ಸಾಲದಾಯಿತು. ನಿಮ್ಮ ಮಗ ಪಂಪಿನ ಮೇಲೆ ಸಿಟ್ಟಾಗಿ ಹೊಸದನ್ನೇ ತಂದರು. ದಿನವಿಡೀ ರಸ್ತೆಗೆ ಬಿಳಿ ಗೆರೆ ಎಳೆದು ಬಂದ ಮನುಷ್ಯ, ಮೈಮೇಲಿನ ಬಣ್ಣವನ್ನೂ ತೊಳೆಯದೆ ಸಿಂಕಿನ ಕೆಳಗೆ ತಲೆ ತೂರಿಸಿ ಕೂತರು. ಜಾಲರಿ ಬಿಚ್ಚಿ ಕಸ ತೆಗೆದು, ಹೊಸ ಪಂಪು ಕೂರಿಸಿದ್ದಾಯಿತು. ಆದರೂ ಅದೇ ರಾಗ. ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪು ಗುರ್ರೆಂದು ಓಡುವುದು, ನಿಲ್ಲುವುದು, ಮತ್ತೆ ಓಡುವುದು. "ಹೊಸದಕ್ಕೂ ಹಳೇ ಬುದ್ಧಿನೇ ಅಂಟ್ಕೊಂಡಿದೆ ನೋಡು" ಎಂದು ನಗಾಡಿದರು. ನನಗೆ ನಗು ಬರಲಿಲ್ಲ. ಯಾರೂ ನಲ್ಲಿ ತಿರುಗಿಸದೆ ಪಂಪು ಓಡುತ್ತದೆ ಎಂದರೆ ನೀರು ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ? ಇಂಥದ್ದು ತಲೆಗೆ ಹೊಕ್ಕರೆ ನನಗೆ ಅನ್ನ ಇಳಿಯುವುದಿಲ್ಲ. ಪೈಪಿನ ಉದ್ದಕ್ಕೂ ಒಣ ಬಟ್ಟೆ ಒತ್ತುತ್ತಾ ತೆವಳಿದೆ. ನಿಮ್ಮ ಹಾಸಿಗೆಯ ಹಲಗೆ ಎತ್ತಿ ಕೈ ಹಾಕಿದಾಗ ಬಟ್ಟೆ ತೊಯ್ದುಹೋಯಿತು. ಬಂಡಿಯ ಕುಲುಕಾಟಕ್ಕೆ ಪೈಪನ್ನು ಬಿಗಿಯುವ ಪಟ್ಟಿ ಸಡಿಲಾಗಿ, ನೀರು ಕಣ್ಣಿಗೂ ಕಾಣದಷ್ಟು ಸಣ್ಣಗೆ ಮೇಲಕ್ಕೆ ಚಿಮ್ಮುತ್ತಿತ್ತು. ಹಲಗೆ ಉಗುರಿಗೆ ಕಿತ್ತು ಬರುವಷ್ಟು ಮೆತ್ತಗಾಗಿತ್ತು. ಸ್ಪಂಜಿನ ತಳ ಕೊಳೆತು ನಾರುತ್ತಿತ್ತು. ಅದೇ ನಾತ ಮಾವ, ನಾವೆಲ್ಲ ಬೇರೆಯದೆಂದು ತಿಳಿದದ್ದು.

ಹಗಲು ಬ್ಯಾಟರಿ ಉಳಿಸಲು ಪಂಪಿನ ಸ್ವಿಚ್ಚು ಆರಿಸುತ್ತಿದ್ದೆವು. ನೀವು ಯಾರನ್ನೂ ಎಬ್ಬಿಸದೆ ನೀರು ಕುಡಿಯಲೆಂದು ರಾತ್ರಿ ಮಾತ್ರ ಹಾಕಿಯೇ ಇಡುತ್ತಿದ್ದೆವು. ಅದಕ್ಕೇ ಬೆಳಗ್ಗೆ ಬೆಳಗ್ಗೆ ನಿಮ್ಮ ಹಾಸಿಗೆ ಒದ್ದೆ. ನೀವು ನನಗಿಂತ ಮೊದಲೇ ಎದ್ದು ಹೊದಿಕೆ ಮುದುರಿ ಬಚ್ಚಿಡುತ್ತಿದ್ದಿರಿ, ನಾನು ಏನೂ ಕಾಣದವಳಂತೆ ಒಗೆಯುತ್ತಿದ್ದೆ. ಮಾವ ಸೊಸೆ ಆಡುವ ಮಾತೇ ಅದು ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ನೀವು ತಲೆ ತಗ್ಗಿಸಿಕೊಂಡೇ ಆರೈಕೆ ಮನೆಗೆ ಹೊರಟಿರಿ.

ಪಟ್ಟಿ ಬಿಗಿದ ಮೇಲೆ ಪಂಪು ಸುಮ್ಮನಾಯಿತು, ನಲ್ಲಿಯಲ್ಲಿ ನೀರು ರಭಸವಾಗಿ ಬಂತು. ನಿಮ್ಮ ಮಗ ಮಾತ್ರ ಕೊಳೆತ ಹಲಗೆಯನ್ನು ಹೊರಗೆ ಹಾಕಿ ಬಂದು, "ಪೈಪೂ ಸೋರಿರಬಹುದು, ಅಪ್ಪನಿಗೂ ಆಗಿರಬಹುದು. ಯಾರಿಗೆ ಗೊತ್ತು" ಎಂದರು. ಕಲ್ಲು ಮನಸ್ಸಲ್ಲ ಮಾವ. ಸುಮ್ಮನೆ ನಿಮ್ಮನ್ನು ಅಲ್ಲಿ ಬಿಟ್ಟು ಬಂದೆನೆಂದು ಒಪ್ಪಿಕೊಳ್ಳಲು ಅವರ ಕೈಲಾಗುತ್ತಿಲ್ಲ. ತಿಂಗಳ ಕೊನೆಗೆ ಕೆಲಸ ಬಹಳ ದೂರಕ್ಕೆ ಹೋಗುತ್ತದೆ, ಬಂಡಿಯೂ ಹೋಗುತ್ತದೆ. ಅಷ್ಟರೊಳಗೆ ಒದ್ದೆ ಪೈಪಿನದೇ ಎಂದು ತಿಳಿಯದಿದ್ದರೆ ನಿಮ್ಮ ಮಂಚ ಕಿತ್ತು ಬಣ್ಣದ ಡಬ್ಬಿ ಜೋಡಿಸುತ್ತಾರಂತೆ. ನಾನು ಜಗಳವಾಡಿ ಹೊಸ ಹಲಗೆ ಹಾಕಿಸಿದ್ದೇನೆ. ದಿನಕ್ಕೆ ಹತ್ತು ಸಲ ಅದನ್ನು ಮುಟ್ಟಿ ನೋಡುತ್ತೇನೆ, ಒಣಗಿಯೇ ಇದೆ.

ಮೈ ಕಡೆ ಗಮನವಿರಲಿ. ನನ್ನ ಮೇಲೆ ಕೋಪ ಬೇಡ.

ನಿಮ್ಮ ಪುಕ್ಕಲು ಸೊಸೆ

ತಾ.ಕ.: ಆರೈಕೆ ಮನೆಗೆ ಫೋನು ಮಾಡಿದ್ದೆ. "ಹಾಸಿಗೆ ಒಣಗೇ ಇದೆ, ಆದ್ರೆ ಮಧ್ಯಾಹ್ನ ಕಳೆದ್ಮೇಲೆ ತಾತ ತೊಟ್ಟು ನೀರೂ ಮುಟ್ಟಲ್ಲ" ಎಂದಳು ದಾದಿ. ನೀರೇ ಕುಡಿಯದವರ ಹಾಸಿಗೆ ಒಣಗಿರದೆ ಇನ್ನೇನು ಎನ್ನುತ್ತಾರೆ ನಿಮ್ಮ ಮಗ. ಕಾಗದ ಸೇರಿದ ದಿನವೇ ಸಂಜೆ ಹೊಟ್ಟೆ ತುಂಬ ಕುಡಿಯಿರಿ. ಒದ್ದೆಯಾದರೆ ಆಗಲಿ, ಒಗೆಯಲು ನಾನಿದ್ದೇನೆ. ನೀವು ಮಾತ್ರ ಹೀಗೆ ಒಣಗಬೇಡಿ. ಬೆಳಗ್ಗೆ ಏನನ್ನೂ ಬಚ್ಚಿಡದೆ, ದಾದಿಯ ಎದುರಿಗೇ, ಹಾಸಿಗೆಯ ಮೇಲೆ ಇನ್ನೊಮ್ಮೆ ಕೈಯಿಟ್ಟು ನೋಡಿ ಮಾವ.